ಎಲ್ಲಾ ಮೂರ್ತಿಗೂ ಒಂದ ಮಾರಿ

ಶ್ರಾವಣದಾಗ ಅಂವಾ ತೀರ್ಕೊಂಡ. ಮರುದಿನಾ ಮುಂಜಾನಿ ಅಂದ್ರ ಗಡಹಿಂಗ್ಲಜ ಸ್ಟ್ಯಾಂಡಿನಿಂದ ಹಿಡದು ಆಜರಾ ರಸ್ತಾದ ತನಕಾ ಫ್ಲೆಕ್ಸ್ ಬಿದ್ದೂವು. ತಲಿಗೆ ಕೇಸರಿ ಫೇಟಾ, ಕಣ್ಣಿಗೆ ಕರೇ ಗಾಗಲ್, ಎರಡೂ ಕೈ ಮುಗದು ನಿಂತಾನ. ಮ್ಯಾಲ ದೊಡ್ಡ ಅಕ್ಷರದಾಗ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗ 'ಕಲಾಮಹರ್ಷಿ'. ಫ್ಲೆಕ್ಸಿನ ಮಂದಿ ಬಿಡ್ರಿ, ಯಾರ ಸತ್ತರೂ ಏನರ ಒಂದ ಮಹರ್ಷಿ ಮಾಡೇ ಬಿಡ್ತಾರ, ಅವರ ಧಂದೆ ಅದು. ಆದ್ರ ನಮ್ಮ ವಾಟ್ಸಾಪ್ ಗ್ರೂಪಿನಾಗ, ಮ್ಯೂಸಿಯಂ ಅಂದ್ರ ಜೀವಾ ಬಿಡೂ ಮಂದಿ ಇರೂ ಗ್ರೂಪಿನಾಗ, 'ನಮ್ಮ ಡೋಂಗರ-ಗುಡ್ಡ ಭಾಗದ ಕಲಾ ಉಳಿಸಿದ ಪುಣ್ಯಾತ್ಮ' ಅಂತ ಬರದ್ರು ನೋಡ್ರಿ, ಆವಾಗ ನನಗ ತಡಕೊಳ್ಳಾಕ ಆಗಲಿಲ್ಲ. ಟೈಪ್ ಮಾಡಿದೆ, ಅಳಿಸಿದೆ. ಮತ್ತ ಟೈಪ್ ಮಾಡಿದೆ, ಮತ್ತ ಅಳಿಸಿದೆ. ಕಡೀಕ ಕೈ ಮುಗಿಯೂ ಇಮೋಜಿ ಒಂದ ಹಾಕಿ ಸುಮ್ನಾದೆ. ಆವತ್ತ ಅಳಿಸಿದ್ದೆಲ್ಲಾ ಈಗ ಇಲ್ಲಿ ಬರಿಯಾಕತ್ತೇನಿ.

ಹೆಸರ ಹೇಳಂಗಿಲ್ಲ. ಮಾರಿ ಮುಂದ ಎಲ್ಲಾರೂ ಸರ್ ಅಂತಿದ್ರು, ನಾನೂ ಅಂತಿದ್ದೆ. ಇಲ್ಲಿ ಅಂವಾ ಅಂತೇನಿ. ಸಾಕಷ್ಟ ಸರ್ ಅಂದೇನಿ ಜೀವನದಾಗ.

ನಂದ ಒಂದೀಟ ಹೇಳ್ತೇನಿ, ಇಲ್ಲಂದ್ರ ಯಾರ ಇಕಿ ಅಂತೀರಿ. ನಾ ಇಚಲಕರಂಜಿ ಹುಡುಗಿ. ಅಪ್ಪ ಯಡ್ರಾವದಾಗ ಪಾವರಲೂಮ್ ನಡಸ್ತಾನ, ಆ ಸಪ್ಪಳದಾಗ ಇದ್ದ ಇದ್ದ ನಮ್ಮ ಮನ್ಯಾಗ ಉಪ್ಪ ಕೊಡ್ರಿ ಅನ್ನಾಕೂ ಒದರೂ ಅಭ್ಯಾಸ. ಓದಿದ್ದು ಕಾಮರ್ಸ್. ಕಲಾ, ಇತಿಹಾಸ ಯಾವ ಮಾಸ್ತರೂ ನನಗ ಕಲಿಸಿಲ್ಲ. ಮೊಬೈಲಿನಾಗ ನೋಡಿ, ಎಸ್‌ಟಿ ಬಸ್ಸಿನಾಗ ತಿರಗಿ ಕಲತೇನಿ. ಕೋಲ್ಹಾಪುರದ ಅರಮನಿ ಮ್ಯೂಸಿಯಂ, ಚಪ್ಪಲ ಹೊಲಿಯೂ ಓಣಿ, ಕೊರಳಿಗೆ ಹಾಕೂ ಸಾಜ ಮಾಡೂ ಅಕ್ಕಸಾಲ್ಯಾರ ಅಂಗಡಿ, ಪನ್ಹಾಳಾ ಕೋಟಿ, ಘಾಟ ಇಳದ್ರ ಸಾವಂತವಾಡಿ ಕಟಗಿ ಹಣ್ಣು-ಕಾಯಿಪಲ್ಲೆ. ಆ ಕಟಗಿ ಬಾಳಿಹಣ್ಣ ನೋಡಿ ನಾ ಖರೇವಂದ ತಿನ್ನಾಕ ಹೋಗಿದ್ದೆ. ಇಂಥಾಕಿ ನಾ. ಹಿಂಗಾಗಿ ಘಾಟಿನ ದಾರ್ಯಾಗ ಅಂವಾ ಮ್ಯೂಸಿಯಂ ತಗದಾನಂತ ಕೇಳಿದಾಗ ನಾ ಓಡಿದ್ದ ಓಡಿದ್ದು.

ಅಂವನ ಮೂಲ ಧಂದೆ ಗೋಕುಳ ಶಿರಗಾಂವದಾಗ. ಫೌಂಡ್ರಿ. ನೀರಿನ ಪಂಪಿನ ಕವಚ ಎರಕಾ ಹೊಯ್ಯೂದು. ಮೊದಲ ಕಟಗಿದೊಂದ ಮಾದರಿ ಮಾಡ್ತಾರ, ಅದಕ್ಕ ಅವರು ಪ್ಯಾಟರ್ನ್ ಅಂತಾರ. ಅದನ್ನ ಉಸುಗಿನಾಗ ಒತ್ತಿ ಅಚ್ಚ ತಗದು, ಕಾಯ್ದ ಲೋಹ ಸುರೂತಾರ. "ಏಕ ಪ್ಯಾಟರ್ನ್ ನೀಟ್ ಪಡಲಾ ಕೀ ಹಜಾರ್ ಮಾಲ್" ಅಂತ ಅಂವಾ ಯಾವಾಗ್ಲೂ ಅನ್ನಾಂವ. ಒಂದ ಮಾದರಿ ನೀಟಾಗಿ ಬಿತ್ತಂದ್ರ ಆತು, ಸಾವಿರ ಮಾಲ ತಗೀಬಹುದು. ಪಂಪಿಗೆ ಅದು ಖರೇನ ಐತ್ರಿ. ಅಂವಾ ಅದನ್ನ ಮನಷ್ಯಾರಿಗೂ ಹಚ್ಚಿದಾ.

ಮ್ಯೂಸಿಯಮ್ಮಿನಾಗ ಹಳ್ಳಿ ಜೀವನಾ ತೋರಸೂ ಸಿಮೆಂಟ ಮೂರ್ತಿ ಅದಾವ. ಕುಂಬಾರ, ಕಮ್ಮಾರ, ಹಜಾಮ, ರೈತ, ಕುರುಬ, ಬೀಸೂಕಲ್ಲ ಮುಂದಿನ ಹೆಣ್ಮಗಳು. ಮೊದಲನೇ ಸಲಾ ಹೋದಾಗ ಕುಂಬಾರನ ನೋಡಿ ಆಹಾ ಅಂದೆ. ಕಮ್ಮಾರನ ಮುಂದ ನಿಂತಾಗ ಇಂವನ್ನ ಎಲ್ಲೋ ನೋಡೇನಲ್ಲಾ ಅನಿಸ್ತು. ಹಜಾಮನ ಮುಂದ ಬರೂದ್ರಾಗ ಬಾಗಲದಾಗ ತಿಕೀಟ ಹರ್‍ಯಾಕತ್ತಿದ್ದ ಅಂವನ ಕಡೆ ತಿರಗಿ ನೋಡಿದೆ. ಅದ ಮೂಗು. ಅದ ಗದ್ದ. ಅದ ತುದಿ ಮ್ಯಾಲ ತೀಡಿದ ಮೀಸಿ. ತನ್ನ ಮಾರಿಗೆ ಪ್ಲಾಸ್ಟರ್ ಮೆತ್ತಿ ಒಂದ ಅಚ್ಚ ತಗದಾನ, ಎಲ್ಲಾರಿಗೂ ಅದನ್ನ ಹಚ್ಯಾನ. ಬೀಸೂ ಹೆಣ್ಮಗಳಿಗೆ ಮೀಸಿ ಅಷ್ಟ ಉಜ್ಜಿ ತಗಸ್ಯಾನ, ಆದ್ರ ಅಲ್ಲಿ ತುಟಿಮ್ಯಾಲ ದಪ್ಪ ಹಂಗೇ ಉಳದೈತಿ. ಸಾಲಿ ಹುಡುಗೋರ ಟ್ರಿಪ್ ಬಂದ್ರ ಒಂದಕ್ಕೊಂದ ತಿವದು "ಏ, ಹಾ ಬಾಬಾ ಇಥಂ ಪಣ!" ಅಂತ ಹೊಟ್ಟಿ ಹಿಡಕೊಂಡ ನಗ್ತಿದ್ದೂವು. ಇಲ್ಲೂ ಅದಾನ ಈ ಅಜ್ಜಾ ಅಂತ.

ನಾ ಒಮ್ಮೆ ಧೈರ್ಯಾ ಮಾಡಿ ಕೇಳಿದೆ. "ಸರ್, ಎಲ್ಲಾರ ಮಾರಿನೂ ಒಂದ ಥರಾ ಕಾಣತಾವಲ್ರಿ?"

ಕಿಸೇದಾಗಿಂದ ಸಣ್ಣ ಹಣಿಗಿ ತಗದು ಮೀಸಿ ಬಾಚಿಕೊಂತ ಅಂವಾ ಅಂದಾ, "ಬಾಳ, ಆಪಲೀ ಸಂಸ್ಕೃತಿ ಒಂದ ಐತಿಲ್ಲ? ಮತ್ತ ಮಾರಿ ಯಾಕ ಬ್ಯಾರೆ ಬ್ಯಾರೆ ಬೇಕು?" ಬಾಳ ಅಂದ್ರ ಮರಾಠ್ಯಾಗ ಕೂಸು.

ಇಂಥಾ ಉತ್ತರಾ ಕೊಡೂದ್ರಾಗ ಅಂವನ್ನ ಮೀರಸೂ ಮಂದಿ ನಾ ನೋಡಿಲ್ಲ. ಗಾಜಿನ ಪೆಟ್ಟಿಗ್ಯಾಗ ಒಂದ ಜೋಡಿ ಕೋಲ್ಹಾಪುರಿ ಚಪ್ಪಲ ಇಟ್ಟಿದ್ದಾ, 'ರಾಜಘರಾಣ್ಯಾತೀಲ' ಅಂತ ಚೀಟಿ. ಅಂದ್ರ ರಾಜಮನೆತನದ್ದು. ನಾ ಬಗ್ಗಿ ನೋಡಿದ್ರ ಅಟ್ಟಿಗೆ ಅಂಗಡ್ಯಾರು ಹಚ್ಚೂ ಸೈಜಿನ ಸ್ಟಿಕರ್ ಹಂಗೇ ಐತಿ. ತೋರಿಸಿದೆ. ಅಂವಾ ಗಾಬರಿ ಆಗಲೇ ಇಲ್ಲ. "ಯಾಕ, ರಾಜಾಗ ಕಾಲ ಇರಂಗಿಲ್ಲೇನ? ಕಾಲಿಗೆ ಅಳತಿ ಇರಂಗಿಲ್ಲೇನ?" ಅಂದಾ. ಅದಕ್ಕ ಕೊಡೂ ಉತ್ತರಾ ನನಗ ಮನಿಗೆ ಬಂದು ರೊಟ್ಟಿ ತಿನ್ನೂಮುಂದ ಹೊಳೀತು.

ಕುರಿ ಹಿಂಡಿನ ಕತಿ ಬ್ಯಾರೆ. ಕುರಿ ಅಚ್ಚ ಅಂವನ ಹಂತ್ಯಾಕ ಇರಲಿಲ್ಲ. ಬಗೀಚಾದಾಗ ಇಡೂ ಸಿಮೆಂಟ ನಾಯಿದ ಅಚ್ಚ ಎಲ್ಲಿಂದೋ ಸಿಕ್ಕಿತ್ತು. ಅದರಾಗ ಎರಕಾ ಹೊಯ್ದು, ಮ್ಯಾಲ ಅಂಟ ಹಚ್ಚಿ ಹತ್ತಿ ಅಳ್ಳಿ ಮೆತ್ತಿಸಿದಾ. ಹಿಂಗಾಗಿ ಅಂವನ ಕುರಿ ಎಲ್ಲಾ ಮುಂಗಾಲ ನೆಟ್ಟಗ ಊರಿ, ಬಾಗಲಾ ಕಾಯೂಹಂಗ ಕುಂತಿದ್ದೂವು. ಕಾಗಿ ಬಂದು ಆ ಅಳ್ಳಿ ಕಿತ್ತು ಗೂಡ ಕಟ್ಟಾಕ ಒಯ್ತಿದ್ದೂವು. ನಾವು ಕುರುಬರ ಪೈಕಿ, ಕುರಿ ಅಂದ್ರ ನಮಗ ಮನಿ ಮಂದಿ ಇದ್ದಂಗ. ಆ ಅರ್ಧಾ ಬೋಳ ಆದ ನಾಯಿ-ಕುರಿ ನೋಡಿ ನಗಬೇಕೋ ಅಳಬೇಕೋ ತಿಳೀತಿರಲಿಲ್ಲ.

ಇನ್ನೊಂದ ಕೇಳ್ರಿ. ಅಂವನ ಮೂರ್ತಿ ಯಾವುದೂ ಮುಷ್ಟಿ ಹಿಡದಿಲ್ಲ. ಎಲ್ಲಾರದೂ ಅಂಗೈ ಬಿಚ್ಚಿದ್ದ. ಯಾಕಂದ್ರ ಕೈಬಳ್ಳ ಮಡಚಿದ್ರ ಅಚ್ಚ ಸಲೀಸ ಬಿಚ್ಚಂಗಿಲ್ಲ, ಬಳ್ಳ ಮುರೀತಾವಂತ. ಪಂಪಿನ ಬುದ್ಧಿ. ಅದಕ ಕಮ್ಮಾರನ ಬಿಚ್ಚ ಅಂಗೈಗೆ ಹಾತೋಡಿ ತಂತಿಲೇ ಕಟ್ಟಿದ್ದಾ, ಹಜಾಮನ ಅಂಗೈಗೆ ಕತ್ತರಿ ತಂತಿಲೇ ಕಟ್ಟಿದ್ದಾ. ಯಾರೂ ಏನೂ ಹಿಡದಿಲ್ಲ, ಎಲ್ಲಾರೂ ಏನರ ಕೇಳಾಕತ್ತಂಗ ಕಾಣ್ತಿದ್ರು.

ಹಂಗಾರ ಮಂದಿ ಯಾಕ ಬರ್ತಿದ್ರು ಅಂತೀರಿ? ಆಂಬೋಲಿ ಘಾಟಿಗೆ ಹೊಂಟ ಗಾಡಿ ಅಲ್ಲಿ ನಿಲ್ಲೂದು ಸಂಡಾಸಕ್ಕ. ಮುಂದ ಘಾಟಿನಾಗ ವ್ಯವಸ್ಥಾ ಇಲ್ಲ, ಅದು ಎಲ್ಲಾರಿಗೂ ಗೊತ್ತ. ಅಂವಗೂ ಗೊತ್ತ. ಅದಕ ಸಂಡಾಸ ಕಟ್ಟಿದ್ದ ಮ್ಯೂಸಿಯಮ್ಮಿನ ಆ ಕಡೆ ತುದಿಗೆ. ಕುಂಬಾರನ ದಾಟಿ, ಕಮ್ಮಾರನ ದಾಟಿ, ನಾಯಿ-ಕುರಿ ದಾಟಿ ಹೋಗಬೇಕು. ಹೊಟ್ಟಿ ಹಿಡಕೊಂಡ ಓಡೂ ಮಂದಿಗೆ ಅಂವಾ ಬೆನ್ನ ಹತ್ತಿ ಪರಂಪರಾ ಹೇಳಾಂವ. ಮನಷ್ಯಾರ ಬಗ್ಗೆ ಅಂವಗ ತಿಳದಿದ್ದ ಅಷ್ಟ.

ಈಗ ಖರೇ ಮಾತಿಗೆ ಬರ್ತೇನಿ. ಇಷ್ಟ ಆಗಿದ್ರ ನಾ ನಕ್ಕೊಂತ ಬಿಡ್ತಿದ್ದೆ.

ನಮ್ಮ ಅವ್ವನ ತೌರಮನಿ ಗಡಹಿಂಗ್ಲಜದ ಆಚೆ, ಡೋಂಗರದ ಬುಡಕ್ಕ. ಅಲ್ಲಿ ನನ್ನ ಮಾವ, ಅಂದ್ರ ಅವ್ವನ ಅಣ್ಣ, ಕಂಬಳಿ ನೇಯ್ತಾನ. ಪಡಸಾಲ್ಯಾಗ ನೆಲಾ ತೋಡಿ ಒಂದ ಕುಣಿ ಮಾಡ್ಯಾರ, ಅದರ ಮ್ಯಾಲ ಮಗ್ಗ. ಕುಣ್ಯಾಗ ಕಾಲ ಇಳಿಬಿಟ್ಟ ಕುಂದರಬೇಕು, ಕೆಳಗ ಕಾಲಿಲೇ ಹಲಗಿ ತುಳೀಬೇಕು, ಮ್ಯಾಲ ಕೈಲೇ ಲಾಳಿ ಓಡಸಬೇಕು. ಆ ಮಗ್ಗಾ ನಮ್ಮ ಅಜ್ಜಾ ಜಾಲಿ ಕಟಗಿ ಕಡದ ಕೆತ್ತಿದ್ದು. ಕೈ ಆಡಿ ಆಡಿ ಗಾಜಿನಂಗ ನುಣ್ಣಗಾಗಿತ್ತು. ಹೊಸಾ ಮಗ್ಗ ಮಾಡಸಬಹುದಲ್ಲಾ ಅಂತ ಸುಲಭ ಅಂತಾರ ಮಂದಿ. ಹೊಸಾ ಕಟಗಿಗೆ ಕೈಲೇ ನೂತ ಉಣ್ಣಿ ಎಳಿ ಸಿಗಬೀಳತಾವ, ಹರೀತಾವ. ಕಟಗಿ ನುಣ್ಣಗಾಗಾಕ ಒಂದ ಜನ್ಮಾ ಬೇಕು.

ನಾ ಅಲ್ಲಿದ್ದಾಗ ಒಂದಿನಾ ಅಂವಾ ಜೀಪ ತಗೊಂಡ ಬಂದಾ. ಮಾವನ ಬಾಜೂಕ ಕುಂತು ಫೋಟೋ ಹೊಡಸ್ಕೊಂಡಾ. ಊರಾಗಿನ ವಯಸ್ಸಾದವರೆಲ್ಲಾ ಅಂವಗ ಮಾಮಾನ.

"ಮಾಮಾ, ಇಂಥಾ ಮಗ್ಗ ಇಲ್ಲಿ ಕತ್ತಲದಾಗ ಯಾರ ನೋಡಬೇಕು? ನಮ್ಮ ಮ್ಯೂಸಿಯಮ್ಮಿನಾಗ ಹಾಕೂಣು. ನೀವ ಬರ್ರಿ, ಕುಂದರ್ರಿ, ನೇಯ್ರಿ. ಘಾಟ ಹತ್ತೂ ಮಂದಿ ನಿಂತ ನೋಡ್ತಾರ, ಅಲ್ಲೇ ಕಂಬಳಿ ಒಯ್ತಾರ."

ನಮ್ಮ ಅತ್ತಿ ಒಲಿ ಮುಂದಿಂದ ಕೇಳಿದ್ಲು, "ಅಲ್ಲಿ ಕುಣಿ ಯಾರ ತಗೀತಾರ್ರಿ?"

"ಅಕ್ಕಾ, ಕುಣಿ ಏನ ಕೇಳ್ತೀರಿ, ಬೇಕಂದ್ರ ಭಾಂವಿ ತಗಸ್ತೇನಿ!"

ಮಾವಗ ಆಶಾ ಹುಟ್ತು. ಮಂದಿ ಕಂಬಳಿ ಮುಟ್ಟಿ ನೋಡೂದ ಬಿಟ್ಟ ಭಾಳ ದಿನಾ ಆಗಿತ್ತು. ಮಗ್ಗ ಬಿಚ್ಚಿ ಜೀಪಿನ ಮ್ಯಾಲ ಕಟ್ಟಿ ಕಳಿಸಿದಾ. ಸ್ವಚ್ಛ ಧೋತರಾ ಉಟ್ಕೊಂಡು, ಬುತ್ತಿ ಕಟ್ಕೊಂಡು, ಎಂಟ ದಿನದ ಮ್ಯಾಲ ಕೆಲಸಕ್ಕ ಹೋದಂಗ ಹ್ವಾದಾ. ನಾನೂ ಹಿಂದ ಹೋದೆ.

ಫರಸಿ ಹಾಸಿದ ಕಟ್ಟಿ ಮ್ಯಾಲ ಮಗ್ಗ. ಅದಕ್ಕ ಕೆಂಪ ಹಳದಿ ಆಯಿಲ್ ಪೇಂಟ್ ಹೊಡಸ್ಯಾನ, ಲಾರಿಗೆ ಹೊಡ್ಯೂದು. ಮಗ್ಗದ ಹಿಂದ ತಲಿಗೆ ಪಟಗಾ ಸುತ್ತಿದ ಮೂರ್ತಿ, ಚಕ್ಕಳಮಕ್ಕಳ ಹಾಕ್ಕೊಂಡ ಕುಂತೈತಿ, ಬಲಗೈ ಮುಂದ ಚಾಚೈತಿ, ಅಂಗೈ ಮ್ಯಾಲ. ಮಾರಿ ಯಾರದು ಅಂತ ಹೇಳಬೇಕೇನ? ಕುಣಿ ಎಲ್ಲೂ ಇಲ್ಲ. ಕಾಲ ಇಳಿಬಿಡೂ ಕಡೆ ಬಿಳೇ ಫರಸಿ.

ಮಾವ ಬುತ್ತಿ ಗಂಟ ಹಿಡಕೊಂಡ ನಿಂತಾನ. "ಸರ್, ನಾ ಎಲ್ಲಿ ಕುಂದರ್ಲ್ರಿ?"

"ಅರೇ ಮಾಮಾ, ಕುಣಿ ತೋಡಿದ್ರ ಫರಸಿ ಒಡೀತಾವ. ಮತ್ತ ಜೀವಂತ ಮನಷ್ಯಾನ್ನ ಇಟ್ಕೊಳ್ಳೂದು ಭಾಳ ತ್ರಾಸ. ಮುಂಜಾನೆ ಚಾ ಕೇಳ್ತಾನ, ಮಧ್ಯಾಹ್ನ ಊಟಾ ಕೇಳ್ತಾನ, ಹಬ್ಬಕ್ಕ ಸುಟಿ ಕೇಳ್ತಾನ. ಮೂರ್ತಿ ಚಾ ಕೇಳಂಗಿಲ್ಲ!"

ತಾನ ಹೇಳಿ ತಾನ ನಕ್ಕಾ. ಆಮ್ಯಾಲ ಆ ಮಾತ ಅಂವಗ ಭಾಳ ಸೇರಿ ಬಿಡ್ತು. ಬಂದವರಿಗೆಲ್ಲಾ ಹೇಳಾಂವ, ಪುಢಾರಿ ಬಂದ್ರ ಹೇಳಾಂವ, ಮೂರ್ತಿ ಹೆಗಲಿಗೆ ಕೈ ಹಾಕಿ ಫೋಟೋ ತಗಸ್ಕೊಂತ ಹೇಳಾಂವ. ಮೂರ್ತಿ ಚಾ ಕೇಳಂಗಿಲ್ಲ. ಮಾವ ಆವತ್ತ ಬುತ್ತಿ ಬಿಚ್ಚಲೇ ಇಲ್ಲ. ಬಸ್ಸಿನಾಗ ತೊಡಿಮ್ಯಾಲ ಇಟ್ಕೊಂಡ ಹೊಳ್ಳಿ ಬಂದಾ. ಮಾವ ಚಾ ಸೈತ ಕೇಳೂ ಮನಷ್ಯಾ ಅಲ್ಲ, ಕೊಟ್ಟ್ರನೂ ಅರ್ಧಾ ಕುಡದು ಬಿಡಾಂವ.

ಅಂದಿನಿಂದ ನಾ ಪ್ರತಿ ಐತವಾರ ಅಲ್ಲಿ ಹೋಗಾಕ ಸುರು ಮಾಡಿದೆ. ಸಂಕೇಶ್ವರ, ನಿಪ್ಪಾಣಿ ಕಡಿಂದ ಬರೂ ಕನ್ನಡ ಮಂದಿಗೆ ಹೇಳಾಕ ಅಂವಗೂ ಒಬ್ಬರ ಬೇಕಾಗಿತ್ತು, ಪುಕ್ಕಟ್ಟೆ. ನನಗ ಮಗ್ಗದ ಮ್ಯಾಲ ಒಂದ ಕಣ್ಣ ಇಡಬೇಕಾಗಿತ್ತು. ಒಂದ ಸಲಾ ಚಿಕ್ಕೋಡಿ ಕಡೆ ಅಜ್ಜಿ ಒಬ್ಬಾಕಿ ಮೂರ್ತಿ ಮುಂದ ಭಾಳ ಹೊತ್ತ ನಿಂತು, "ತಂಗೀ, ಇಂವಾ ನೇಯಾಕತ್ತಾನೋ, ಊಟಕ್ಕ ಕುಂತಾನೋ?" ಅಂತ ಕೇಳಿದ್ಲು. "ಊಟಕ್ಕ ಕುಂತಾನ ಯವ್ವಾ" ಅಂದೆ. ಅಂವಗ ಕೇಳಿಸ್ತು. ಅವತ್ತ ನನಗ ಮಾತಾಡಿಸಲಿಲ್ಲ.

ಇದರಾಗ ಮಾವನ ಮಗಳು ರೇಣುಕಾಂದು ಮದವಿ ಗಟ್ಟಿ ಆತು, ತುಳಸಿ ಲಗ್ನ ಆದ ಮ್ಯಾಲಿಂದ ಮುಹೂರ್ತ. ನಮ್ಮಲ್ಲಿ ಹೆಣ್ಣು ಗಂಡನ್ನ ಕಂಬಳಿ ಮ್ಯಾಲ ಕುಂದರಸ್ತಾರ. ಮಾವನ ಮನಿತನದ ರಿವಾಜ ಏನಂದ್ರ ಆ ಕಂಬಳಿ ಹುಡುಗಿ ಅಪ್ಪನ ಕೈಲೇ, ಮನಿ ಮಗ್ಗದಾಗ ಆಗಿರಬೇಕು. ನಮ್ಮ ಅವ್ವ ಕುಂತ ಕಂಬಳಿ ಅಜ್ಜಾ ನೇಯ್ದದ್ದು, ಇನ್ನೂ ನಮ್ಮ ಮನ್ಯಾಗ ಐತಿ, ಚಳಿಗಾಲಕ್ಕ ಅಪ್ಪ ಹೊತ್ಕೋತಾನ. ರೇಣುಕಾನ ಕಂಬಳಿಗೆ ಅತ್ತಿ ಎಳೀ ಮರಿ ಉಣ್ಣಿ ಆರಿಸಿ ನೂತು, ಉಂಡಿ ಮಾಡಿ, ಜಂತಿಗೆ ಗಂಟ ಕಟ್ಟಿ ತೂಗಬಿಟ್ಟಿದ್ಲು. ನೂಲ ಐತಿ, ಕೈ ಅದಾವ, ಮಗ್ಗ ಇಲ್ಲ. ಮನ್ಯಾಗ ಯಾರ ತಲಿ ಎತ್ತಿದ್ರೂ ಆ ಗಂಟ ಕಾಣ್ತಿತ್ತು.

ಮಾವ ಕೇಳಾಕ ಹ್ವಾದಾ. ನಾ ಅಲ್ಲೇ ಇದ್ದೆ.

"ಸರ್, ಮಗಳ ಮದವಿ ಐತ್ರಿ. ಒಂದ ಕಂಬಳಿ ಆಗೂಮಟಾ ಮಗ್ಗ ಕೊಡ್ರಿ. ನಾನ ತಂದ ಇಟ್ಟ ಹೋಗ್ತೇನಿ."

ಅಂವಾ ಮೂರ್ತಿ ಮೀಸಿಮ್ಯಾಲಿನ ಧೂಳ ಕರ್ಚೀಫಲೇ ಒರಸಾಕತ್ತಿದ್ದಾ. ತಿರಗಿ ಸೈತ ನೋಡಲಿಲ್ಲ. "ಮಾಮಾ, ಇದು ಈಗ ನಿಮ್ಮದಲ್ಲ. ನಂದೂ ಅಲ್ಲ. ಇದು ವಾರಸಾ."

"ಅಂದ್ರ ಏನ್ರಿ?"

"ಅಂದ್ರ ಹಿಂದಿನ ಮಂದಿ ಬಿಟ್ಟ ಹೋಗಿದ್ದು. ಮುಂದಿನ ಮಂದಿಗೆ ತೋರಸೂದು."

"ಮತ್ತ ನಾ ಯಾವ ಮಂದಿರೀ ಸರ್? ಹಿಂದಿನಾಂವೋ, ಮುಂದಿನಾಂವೋ?"

"ನೀವ ನಡಕ ಬಂದೀರಿ ಮಾಮಾ" ಅಂತ ಹಲ್ಲ ಕಿಸದಾ.

"ಸರ್, ಅದು ಇವರ ಅಪ್ಪ ಮಾಡಿದ ಮಗ್ಗರೀ" ಅಂದೆ ನಾ. ದನಿ ಪಾವರಲೂಮಿನ ದನಿ, ಜೋರ ಬಂತು. ಸಂಡಾಸಕ್ಕ ಹೊಂಟ ಮಂದಿ ನಿಂತ್ರು.

"ಹೌದಲ್ಲ? ಹಂಗಂತ ಬೋರ್ಡಿನ ಮ್ಯಾಲ ಬರಸ್ತೇನಿ ಬಾಳ" ಅಂದಾ. ಬರಸಲೂ ಇಲ್ಲ.

ಮುಂದ ಇನ್ನೊಮ್ಮೆ ಮಾವ ಹ್ವಾದಾಗ ಒಳಗ ಬಿಡಾಕ ತಿಕೀಟ ತಗೀರಿ ಅಂದ್ರಂತ. ಮಾವ ಹೊರಗಿಂದ ಹೊರಗ ಬಂದ. ಅತ್ತಿ ಅವತ್ತ ಆ ಮ್ಯೂಸಿಯಮ್ಮಿನಾಂವನ ಏಳ ತಲಿ ತಗದು ಬೈದ್ಲು, ಅದನ್ನ ಇಲ್ಲಿ ಬರಿಯಾಕ ಬರಂಗಿಲ್ಲ. ರೇಣುಕಾ ಗಡಹಿಂಗ್ಲಜದಾಗ ನರ್ಸ, ತಿಳವಳಿಕಿ ಹುಡುಗಿ. "ಬಿಡ ಅಪ್ಪಾ, ಇಚಲಕರಂಜಿದು ಚಾದರಾ ಹಾಸೂಣು, ಅದರ ಮ್ಯಾಲ ಕುಂದರ್ತೇನಿ" ಅಂದ್ಲು. ಮಾವ ಎದ್ದು ಹಿತ್ತಲಕ್ಕ ಹ್ವಾದಾ.

ಅಷ್ಟರಾಗ ಆ ಮಹರ್ಷಿಗೆ ಎದ್ಯಾಗ ನೋವ ಬಂತು, ಕೋಲ್ಹಾಪುರದ ದವಾಖಾನ್ಯಾಗ ಸತ್ತಾ.

ನನಗ ದುಃಖ ಆಗಲಿಲ್ಲ. ಆತು ಅಂತ ಸುಳ್ಳ ಬರಿಯಂಗಿಲ್ಲ.

ಅಂವನ ಮಗಾ ಗೋಕುಳ ಶಿರಗಾಂವದಾಗ ಪಂಪಿನ ಧಂದೆ ನೋಡ್ಕೋತಾನ. ಅಪ್ಪನ ಹುಚ್ಚ ಅಂವಗಿಲ್ಲ, ಲೆಕ್ಕದ ಮನಷ್ಯಾ. ಅಂವಾ ನನಗ ತಾಈ, ನಾ ಅಂವಗ ದಾದಾ, ಅಕ್ಕ-ಅಣ್ಣ ಅಂದಂಗ. ನನಗ ಫೋನ ಮಾಡಿದಾ. "ತಾಈ, ಶೋಕಸಭಾ ಇಟ್ಟೇವಿ. ಪುಢಾರಿ ಬರಾವ್ರದಾರ. ಕನ್ನಡದಾಗ ನೀವ ಎರಡ ಮಾತ ಆಡ್ರಿ. ಮತ್ತ ಗೇಟಿನಾಗ ನಮ್ಮ ಬಾಬಾರ, ಅಪ್ಪಾರ ಪುತ್ಥಳಿ ಕುಂದರಸೂದೈತಿ, ಬಂದ ನೋಡ್ರಿ." ಹೋದೆ.

ಮಗಾ ತಲಿ ಮ್ಯಾಲ ಕೈ ಹೊತ್ಕೊಂಡ ಕುಂತಿದ್ದಾ. ಕೋಲ್ಹಾಪುರದ ಮೂರ್ತಿಕಾರ ಈಗಿಂದೀಗ ಆಗಂಗಿಲ್ಲ ಅಂದಿದ್ದಾ. ಅಪ್ಪನ ಮಾರಿ ಅಚ್ಚ ಹಳೇದಾಗಿ ಯಾವಾಗೋ ಒಡದ ಹೋಗಿತ್ತು. ಪುಢಾರಿ ಬರೂದ್ರಾಗ ಗೇಟಿನ ಕಟ್ಟಿ ಮ್ಯಾಲ ಏನರ ಇರಾಕಬೇಕು.

"ತಾಈ, ಒಂದ ಮಾತ ಕೇಳ್ಲೇನ? ಸಿಟ್ಟಾಗಬ್ಯಾಡ್ರಿ. ಇಲ್ಲಿ ಎಲ್ಲಾ ಮೂರ್ತಿನೂ ಬಾಬಾರಂಗ ಅದಾವ ಅಂತ ಮಂದಿ ಅಂತಾರ. ಖರೇ ಏನ?"

"ಖರೇ ದಾದಾ."

ಅಂವಾ ಗದ್ದಾ ತಿಕ್ಕೊಂಡಾ. "ಮತ್ತ ಹೊಸಾದ ಯಾಕ ಬೇಕು?"

ಅಂವಾ ಎದ್ದಾ. ಅಂವನ ಬಾಯಿಂದ ಹೊಂಟ ಮಾತ ಅಂವನ ಕಾಲಿಲೇ ನಡೀಲಿ ಅಂತ ಹಿಂದ ಹಿಂದ ಹೋದೆ.

ಕಮ್ಮಾರನ ಮುಂದ ನಿಂತ್ವಿ. ಹಾತೋಡಿ ತಂತಿ ಬಿಚ್ಚಿದ್ರ, ಎತ್ತಿದ ಬಿಚ್ಚಗೈ, ಬಂದವರ ಕಪಾಳಕ್ಕ ಕೊಟ್ಟಂಗ ಕಾಣ್ತಿತ್ತು. ರೈತ ನೇಗಲ ಹಿಂದ ಬಗ್ಗ್ಯಾನ, ಗೇಟಿನಾಗ ಇಟ್ಟರ ಏನೋ ಕಳಕೊಂಡ ಹುಡಕಾಕತ್ತಂಗ. ಕುಂಬಾರ ಕುಕ್ಕರಗಾಲಿಲೇ ಕುಂತಾನ. ಅಂವನ್ನ ನೋಡಿ ದಾದಾನ ತಲಿ ಅಳ್ಳಾಡಿಸಿದಾ, "ನಕೋ ನಕೋ, ಸಕಾಳೀ ಸಕಾಳೀ ಬಸಲ್ಯಾಗತ" ಅಂದಾ. ಮುಂಜಾನಿ ಹೊತ್ತಿನಾಗ ಹೊಲದ ಕಡೆ ಕುಂತಂಗ ಅಂತ. ಬೀಸೂ ಹೆಣ್ಮಗಳ ಮುಂದ ನಾವಿಬ್ರೂ ನಿಲ್ಲಲೇ ಇಲ್ಲ.

ಆಮ್ಯಾಲ ಮಗ್ಗ.

"ದಾದಾ, ಇದನ್ನ ನೋಡ್ರಿ" ಅಂದೆ. ನನ್ನ ದನಿ ಎಷ್ಟ ಮೆತ್ತಗಿತ್ತಂದ್ರ ನಮ್ಮ ಮನಿ ಮಂದಿಗೆ ಗುರತ ಹತ್ತತಿರಲಿಲ್ಲ. "ನೆಟ್ಟಗ ಬೆನ್ನು. ಚಕ್ಕಳಮಕ್ಕಳ. ಕೈ ಮುಂದ ಚಾಚೈತಿ. ಎಷ್ಟ ಶಾಂತ ಅದಾರ."

"ಆಶೀರ್ವಾದ ಕೊಟ್ಟಂಗ ಐತಲ್ಲಾ."

"ಹೌದ್ರಿ. ಥೇಟ ಋಷಿ ಹಂಗ."

"ಮಹರ್ಷಿ!" ಅಂದಾ ದಾದಾ. ಫ್ಲೆಕ್ಸ್ ಅಂವನ ತಲ್ಯಾಗ ಇತ್ತು. "ಪಟಗಾ ತಗದು ಫೇಟಾ ಹಾಕಿದ್ರ ಮುಗೀತು."

"ಆದ್ರ ದಾದಾ, ಇವರ ಎದ್ದ ಹ್ವಾದ ಮ್ಯಾಲ ಮಗ್ಗದ ಮುಂದ ಯಾರ? ಮನಷ್ಯಾ ಇಲ್ಲದ ಮಗ್ಗ ನೋಡಿ ಮಂದಿ ಕೇಳ್ತಾರಲ್ಲ, ಇಲ್ಲಿ ಕುಂತಾಂವ ಎಲ್ಲಿ ಹ್ವಾದಾ ಅಂತ. ಗೇಟಿನ ಕಡೆ ಬಳ್ಳ ತೋರಸಬೇಕಾಗತೈತಿ."

ದಾದಾ ಸುತ್ತ ಕಡೆ ನೋಡಿದಾ. ಕಟ್ಟಿ ಉದ್ದಗಲ ಕಣ್ಣಿಲೇ ಅಳದಾ. "ಇದು ನಿಮ್ಮ ಮಾಮಾಂದಲ್ಲ? ಒಯ್ಯಾಕ ಹೇಳ್ರಿ. ಜಾಗಾ ಖಾಲಿ ಆದ್ರ ಇಲ್ಲಿ ಚಾದ ಕೌಂಟರ್ ಹಾಕ್ತೇನಿ. ಸಂಡಾಸದ ದಾರಿ ಐತಿ, ಚಲೋ ನಡೀತೈತಿ."

ಅಪ್ಪನಕಿಂತ ಶಾಣ್ಯಾ ಅದಾನ ಮಗಾ.

ಮಾವ ಟೆಂಪೋ ತಗೊಂಡ ಬಂದಾ. ಮೂರ್ತಿ ಬುಡಕ್ಕ ಬೋಲ್ಟ್ ಹಾಕಿದ್ರು, ಫೌಂಡ್ರಿ ಹುಡುಗೋರು ಗ್ರೈಂಡರಲೇ ಕೊಯ್ದ್ರು. ಎತ್ತಾಕ ಮಾವನೂ ಕೈ ಹಚ್ಚಿದಾ. ಬಗಲಾಗ ಕೈ ಹಾಕಿ, ಭಾಳ ಮರ್ಯಾದಿಲೇ, "ಏಳ್ರಿ ಸರ್, ಭಾಳ ಹೊತ್ತ ಕುಂತ್ರಿ" ಅಂದಾ. ಎತ್ತಿದ್ರ ಎಷ್ಟ ಹಗೂರ! ಒಳಗೆಲ್ಲಾ ಪೊಳ್ಳು. ಕುಂತ ಕಡೆ ಕೆಳಗ ಒಂದ ಕಡಜದ ಗೂಡ ಇತ್ತು, ಅದೂ ಖಾಲಿ.

ಶೋಕಸಭಾದಾಗ ನಾ ಕನ್ನಡದಾಗ ಮಾತಾಡಿದೆ. ಎಲ್ಲಾರೂ ಕಲಾ, ತ್ಯಾಗ, ಪರಂಪರಾ ಅಂದ್ರು. ಸತ್ತವರ ಬಗ್ಗೆ ಒಂದ ಚಲೋ ಮಾತ, ಅದೂ ಖರೇ ಮಾತ ಹೇಳಬೇಕಂತ ನಾ ಭಾಳ ಹುಡಕಿ ಇಟ್ಕೊಂಡಿದ್ದೆ. "ಸ್ವಚ್ಛತಾ ಅಂದ್ರ ಸರ್ರಿಗೆ ಜೀವಾ. ಇಲ್ಲಿಂದ ಆಂಬೋಲಿ ತನಕಾ ಇಂಥಾ ಸಂಡಾಸ ಎಲ್ಲೂ ಇಲ್ಲ" ಅಂದೆ. ಚಪ್ಪಾಳಿ ಬಿತ್ರಿ. ಕನ್ನಡ ತಿಳದವರೂ ಹೊಡದ್ರು.

ಮಗ್ಗ ಮನಿಗೆ ಬಂದಾಗ ಅತ್ತಿ ಪಡಸಾಲ್ಯಾಗಿನ ಹಲಗಿ ಸರಸಿದ್ಲು. ಕುಣಿ ಹಂಗೇ ಇತ್ತು. ತುಂಬಸೂಣು ತುಂಬಸೂಣು ಅಂತ ದಿನಾ ಬೈತಿದ್ದಾಕಿ ಒಂದ ಬುಟ್ಟಿ ಮಣ್ಣೂ ಹಾಕಿರಲಿಲ್ಲ. ಒಳಗ ಒಂದ ಕೋಳಿ ಕಾವಿಗೆ ಕುಂತಿತ್ತು, ಅದಕ್ಕ ಬ್ಯಾರೆ ಬುಟ್ಟಿ ಹುಡಕಿ ಕೊಟ್ಟು, ಕೈಲೇ ಎತ್ತಿ ಇಟ್ಟ್ಲು. ಆಮ್ಯಾಲ ನಾವೆಲ್ಲಾ ಕುಂತು ಗಾಜಿನ ಚೂರಿಲೇ ಆ ಲಾರಿ ಪೇಂಟ್ ಕೆರದ್ವಿ. ರೇಣುಕಾ ಡ್ಯೂಟಿ ಮುಗಿಸಿ ಬಂದು ಕೆರೀತಿದ್ಲು, ದವಾಖಾನಿ ಕೈಮುಚ್ಚಿಗಿ ಹಾಕ್ಕೊಂಡು. ಕೆಂಪ ಹೋತು, ಹಳದಿ ಹೋತು, ಕೆಳಗ ಅಜ್ಜಾನ ಕಟಗಿ ಬಂತು. ಮಾವ ಅಂಗೈ ಆಡಿಸಿ ನೋಡಿದಾ. ಕಣ್ಣ ಮುಚ್ಚಿ ಮತ್ತೊಮ್ಮೆ ಆಡಿಸಿದಾ.

"ಎಳಿ ಹಿಡಿಯಂಗಿಲ್ಲ" ಅಂದಾ. ಅಷ್ಟ.

ಜಂತಿಗಿನ ಗಂಟ ಕೆಳಗ ಇಳೀತು. ನೂಲಿಗೆ ಹಚ್ಚೂ ಹುಣಚಿ ಬೀಜದ ಗಂಜಿ ವಾಸನಿ ಮನಿ ತುಂಬ. ಮಾವ ಕುಣ್ಯಾಗ ಕಾಲ ಬಿಟ್ಟ ಕುಂತಾ. ತುಳದಾ. ಆ ಸಪ್ಪಳ ಕೇಳಿ ಅತ್ತಿ ಒಲಿ ಮುಂದ ಕುಂತು ಸೆರಗಿಲೇ ಕಣ್ಣ ಒರಸ್ಕೊಂಡ್ಲು. ಹೊಗಿ ಅಂದ್ಲು. ಒಲ್ಯಾಗ ಬೆಂಕಿನ ಇರಲಿಲ್ಲ.

ರೇಣುಕಾ ಕಂಬಳಿ ಮ್ಯಾಲ ಕುಂತ್ಲು. ಕರೇ ಕಂಬಳಿ, ಅಂಚಿನಾಗ ಒಂದ ಕಡೆ ಸಾಸಿವಿ ಕಾಳಿನಷ್ಟ ಹಳದಿ. ಕಟಗಿ ಸಂದಿನಾಗ ಉಳದ ಪೇಂಟ್ ಎಳಿಗೆ ಹತ್ತಿಬಿಟ್ಟಿತ್ತು. "ನೋಡ, ಕಡೀಕೂ ಅಂವಾ ಮದವಿಗೆ ಬಂದಾನ" ಅಂದ್ಲು ಅತ್ತಿ. ಎಲ್ಲಾರೂ ನಕ್ರು, ಮಾವನೂ ನಕ್ಕಾ.

ಹೋದ ತಿಂಗಳ ಗ್ರೂಪಿನವರ ಜೋಡಿ ಸಾವಂತವಾಡಿಗೆ ಹೊಂಟಿದ್ದೆ. ಗಾಡಿ ಅಲ್ಲೇ ನಿಂತಿತ್ತು, ಮತ್ತೇನ, ಸಂಡಾಸಕ್ಕ. ಗೇಟಿನ ಕಟ್ಟಿ ಮ್ಯಾಲ ಅಂವಾ ಕುಂತಾನ, ಸಿಮೆಂಟ ಫೇಟಾ, ಬಂಗಾರ ಬಣ್ಣ. ಮುಂದ 'ಕಲಾಮಹರ್ಷಿ' ಅಂತ ಫಲಕ. ಮಗನ ಚಾದ ಕೌಂಟರ್ ಜೋರ ನಡದೈತಿ, ಮಂದಿ ಕಾಗದದ ಕಪ್ಪ ಹಿಡಕೊಂಡ ಗೇಟಿನ ತನಕಾ ಬಂದು ನಿಂತ ಕುಡೀತಾರ. ಕುಡದಾದ ಮ್ಯಾಲ ಕಪ್ಪ ಒಗ್ಯಾಕ ಹತ್ರ ಡಬ್ಬಿ ಇಲ್ಲ.

ಚಾಚಿದ ಅಂಗೈ ಐತಿ. ಅದರಾಗ ಯಾರೋ ಖಾಲಿ ಕಪ್ಪೊಂದ ಇಟ್ಟ ಹೋಗ್ಯಾರ.

ಥೇಟ ಚಾ ಕೇಳಾಕತ್ತಾನ.